ಕಫಕ್ಕೆ ಗಂಟೆ ಇರುವುದಿಲ್ಲ
ಅಡಿಕೆ ಸುಲಿತದ ದಿನಗಳು. ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆಗೆಯುವಷ್ಟರಲ್ಲಿ ಶಿರಸಿ ಹತ್ತಿರದ ಹಳ್ಳಿಯಿಂದ ತಾಯಿ, ಅಜ್ಜಿ, ಎರಡು ವರ್ಷದ ಕೂಸು ಬಂದು ಕೂತಿದ್ದರು. "ನಿನ್ನೆ ರಾತ್ರೆಯಿಂದ ಕಫ ಕಟ್ಟಿದ್ದು ಡಾಕ್ಟ್ರೇ. ಆ ಹೊಗೆ ಮಶೀನು ಹಿಡಿದ್ರೆ ಸಾಕು" ಎಂದರು ಅಜ್ಜಿ. ಹೊಗೆ ಮಶೀನು ಅಂದರೆ ನೆಬ್ಯುಲೈಜರ್, ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ.

ಇಂಥ ಮಕ್ಕಳಿಗೆ ನಾನು ಮೊದಲೇ ಸ್ಟೆತಸ್ಕೋಪ್ ಹಚ್ಚುವುದಿಲ್ಲ. ಅತ್ತರೆ ಏನೂ ಕೇಳಿಸದು. ತಾಯಿಯ ತೊಡೆ ಮೇಲೆ ಇರುವಾಗಲೇ ಅಂಗಿ ಎತ್ತಿ ಎದೆ ನೋಡುತ್ತೇನೆ, ಬರಿಗಿವಿಯಲ್ಲಿ ಕೇಳುತ್ತೇನೆ. ಉಸಿರು ಒಳಗೆ ಎಳೆಯುವಾಗ ಕೀರಲು ಸದ್ದು ಬಂದರೆ ಅದು ಸ್ಟ್ರೈಡರ್, ತೊಂದರೆ ಹೆಚ್ಚಾಗಿ ಗಂಟಲ ಮಟ್ಟದಲ್ಲಿ. ಹೊರಗೆ ಬಿಡುವಾಗ ಸುಂಯ್ ಅಂದರೆ ಕೆಳಗೆ, ಶ್ವಾಸಕೋಶದ ಕೊಳವೆಗಳಲ್ಲಿ. ಗೊರಗೊರ ಎಂದರೆ ಬಾಯಿ-ಗಂಟಲಲ್ಲಿ ನೀರೋ ಕಫವೋ ನಿಂತಿದೆ.

ಈ ಕೂಸಿನದು ಸುಂಯ್. ಜ್ವರ ಇಲ್ಲ, ಮೂಗೂ ಸೋರುತ್ತಿಲ್ಲ.

"ಎಷ್ಟು ಗಂಟೆಗೆ ಶುರುವಾಯ್ತು?" ಎಂದೆ. ಶೀತ-ಕಫಕ್ಕೆ ಯಾರೂ ಗಂಟೆ ಹೇಳುವುದಿಲ್ಲ, "ಎರಡು ದಿನದಿಂದ" ಅನ್ನುತ್ತಾರೆ. ಇಲ್ಲಿ ತಾಯಿ ತಡೆಯದೆ ಹೇಳಿದಳು: ಊಟ ಆದಮೇಲೆ, ಎಲ್ಲರೂ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತಾಗ. ಕೂಸು ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡು ಓಡಿತ್ತು. ಒಂದೇ ಸಮ ಕೆಮ್ಮು, ಕಣ್ಣಲ್ಲಿ ನೀರು. "ಆಮೇಲೆ ಸರಿಯಾತು."

ಆ 'ಸರಿಯಾತು' ನನ್ನನ್ನೇ ಒಮ್ಮೆ ಮೋಸಗೊಳಿಸಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ಒಂದು ಮಾಣಿಗೆ ಉಬ್ಬಸವೆಂದು ನಾಲ್ಕು ದಿನ ಔಷಧ ಕೊಟ್ಟೆ. ಕಾಳು ಮೊದಲ ಕೆಮ್ಮಿಗೆ ಒಳಗೆ ಇಳಿದು ಒಂದು ಕಡೆ ಕೂತರೆ ಮಗು ಆಡಿಕೊಂಡೇ ಇರುತ್ತದೆ. ಶೇಂಗಾ ತೇವಕ್ಕೆ ಉಬ್ಬುತ್ತದೆ, ಅದರ ಎಣ್ಣೆ ಸುತ್ತಲಿನ ಒಳಪೊರೆಯನ್ನು ಕೆರಳಿಸುತ್ತದೆ. ಮಾಣಿಗೆ ನ್ಯುಮೋನಿಯಾ ಆದಮೇಲೆ ಬೇರೆ ಕಡೆ ಕಾಳು ತೆಗೆಸಿದರು. ಔಷಧ ಬರೆದ ಕೈ ನನ್ನದೇ.

ಈಗ ಸ್ಟೆತಸ್ಕೋಪ್ ಇಟ್ಟೆ. ಎಡಗಡೆ ಗಾಳಿ ಚೆನ್ನಾಗಿ ಓಡುತ್ತಿತ್ತು. ಬಲಗಡೆ ಕಡಿಮೆ, ಸುಂಯ್ ಸದ್ದೂ ಅಲ್ಲೇ. ಬಲ ಕೊಳವೆ ಅಗಲ, ನೇರ, ಹಾಗಾಗಿ ಜಾರಿದ್ದು ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ. ಉಬ್ಬಸ ಸಾಮಾನ್ಯವಾಗಿ ಎರಡೂ ಕಡೆ ಕೇಳಿಸುತ್ತದೆ. ಎಕ್ಸ್‌ರೇ ನೋಡಿದರೆ ಏನೂ ಇಲ್ಲ. ಎಷ್ಟೋ ಸಲ ಇರುವುದೂ ಇಲ್ಲ, ಶೇಂಗಾ ಅದರಲ್ಲಿ ಕಾಣುವ ವಸ್ತುವಲ್ಲ. ಫಿಲ್ಮ್ ಚೊಕ್ಕ ಎಂದು ಮನೆಗೆ ಕಳಿಸುವುದು ತಪ್ಪು.

ಬ್ರಾಂಕೋಸ್ಕೋಪಿಗೆ, ಅಂದರೆ ಉಸಿರಿನ ಕೊಳವೆಯೊಳಗೆ ದುರ್ಬೀನು ಇಳಿಸಿ ಕಾಳು ತೆಗೆಯುವುದಕ್ಕೆ, ಹುಬ್ಬಳ್ಳಿ, ಸುಮಾರು 100 ಕಿ.ಮೀ. ಅಂಬುಲೆನ್ಸ್ ಬರುವ ತನಕ ತಾಯಿಗೆ ಹೇಳಿದೆ: ಕೂಸನ್ನು ನೆಟ್ಟಗೆ ಕೂರಿಸಿಕೊಳ್ಳಿ, ಮಲಗಿಸಬೇಡಿ. ಹಾಲು, ನೀರು ಯಾವುದೂ ಬೇಡ, ಅಲ್ಲಿ ಅರಿವಳಿಕೆ ಕೊಡಬೇಕು. ಬಾಯಿಗೆ ಬೆರಳು ಹಾಕಬೇಡಿ. ಕೆಮ್ಮುತ್ತ, ಉಸಿರಾಡುತ್ತ ಇದ್ದಷ್ಟು ಹೊತ್ತು ಬೆನ್ನು ತಟ್ಟಬೇಡಿ, ಕಾಳು ಮೇಲೆ ಬಂದು ದೊಡ್ಡ ಕೊಳವೆಗೇ ಸಿಕ್ಕಿಕೊಂಡೀತು.

"ಸದ್ದು ನಿಂತ್ರೆ ಒಳ್ಳೇದಲ್ದಾ?" ಎಂದರು ಅಜ್ಜಿ.

ಅಲ್ಲ ಎಂದೆ. ಅಳಲೂ ಆಗದೆ, ಕೆಮ್ಮಲೂ ಆಗದೆ ತುಟಿ ನೀಲಿಯಾದರೆ ದಾರಿ ಪೂರ್ತಿ ಕಟ್ಟಿದಂತೆ. ಆಗ ಮುಂದಕ್ಕೆ ಬಗ್ಗಿಸಿ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಗುದ್ದು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೆ-ಮೇಲಕ್ಕೆ 5 ಒತ್ತು. ಒಂದು ವರ್ಷದೊಳಗಿನವಕ್ಕೆ ಹೊಟ್ಟೆ ಒತ್ತಬಾರದು, ಎದೆ. ದಿಂಬಿನ ಮೇಲೆ ಮಾಡಿಸಿದೆ. ತಾಯಿ ಮೊದಲು ಮೆಲ್ಲಗೆ ತಟ್ಟಿದಳು. "ಜೋರಾಗಿ" ಎಂದೆ.

ಸಂಜೆ ಫೋನ್ ಬಂತು. "ಅರ್ಧ ಶೇಂಗಾ, ಡಾಕ್ಟ್ರೇ. ಬಾಟ್ಲಿಲಿ ಹಾಕಿ ಕೊಟ್ಟಿದ್ದ."