ವಾಷಿಂಗ್ ಮಷೀನ್ ಬಟನ್ ಮೊಂಡು ಹಿಡಿದರೆ

ಬಟನ್ ಎರಡು ಮೂರು ಸಲ ಒತ್ತಿದ ಮೇಲೆ ಕೆಲಸ ಮಾಡ್ತಿದ್ದರೆ, ಪ್ಯಾನೆಲ್ ಲೈಟ್ ಮಿಣುಕುತ್ತಿದ್ದರೆ, ಮಷೀನಿನ ಪ್ಲಗ್ಗನ್ನೇ ಕಿತ್ತು 10 ನಿಮಿಷ ಬಿಟ್ಟು ಮತ್ತೆ ಹಾಕಿ. ಸುಮ್ನೆ ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಮಷೀನನ್ನು ನಡೆಸೋ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಪ್ಲಗ್ ಕಿತ್ತಾಗ ಕೆಪಾಸಿಟರ್‌ಗಳ (ಕರೆಂಟ್ ಹಿಡಿದಿಡೋ ಸಣ್ಣ ಭಾಗಗಳ) ಚಾರ್ಜ್ ಇಳಿದು, ಬೋರ್ಡ್ ಹೊಸದಾಗಿ ಶುರುವಾಗುತ್ತದೆ. ನಮ್ಮ ದಾವಣಗೆರೆಯಲ್ಲಿ ಕರೆಂಟ್ ಹೋಗಿ ಬಂದಾಗ ವೋಲ್ಟೇಜ್ ಏರಿಳಿತದಿಂದಲೂ ಹೀಗಾಗಬಹುದು, ಅಲ್ವಾ? ಪ್ಲಗ್ ಕೀಳೋ ಮುಂಚೆ ಪ್ಯಾನೆಲ್‌ನಲ್ಲಿ ಕಾಣೋ ಎರರ್ ಕೋಡಿನ ಫೋಟೋ ತೆಗೆದಿಡಿ, ಆಮೇಲೆ ಅಳಿಸಿ ಹೋಗಬಹುದು. ಒಳಗೆ ಟಿಕ್ ಟಿಕ್ ಅಂತ ರಿಲೇ (ಬೋರ್ಡಿನ ಮೇಲಿನ ಸ್ವಿಚ್) ಸದ್ದು ಬಂದರೂ ಡ್ರಮ್ ತಿರುಗದಿದ್ದರೆ, ಅಥವಾ ಅದೇ ತೊಂದರೆ ಮತ್ತೆ ಮತ್ತೆ ಬಂದರೆ, ಈ ಉಪಾಯ ನಡೆಯಲ್ಲ, ಮೆಕ್ಯಾನಿಕ್‌ಗೆ ತೋರಿಸಿ. ಸುಟ್ಟ ವಾಸನೆ ಬಂದರಂತೂ ಪ್ಲಗ್ ಮತ್ತೆ ಹಾಕಲೇಬೇಡಿ.