ವಿದೇಶದಲ್ಲಿ ಇಳಿದ ಮೇಲೆ ಫೋನಿಗೆ ಇಂಟರ್ನೆಟ್ ಬರುತ್ತಿಲ್ಲವೇ? ಒಂದೊಂದಾಗಿ ಹೀಗೆ ನೋಡಿ

ಕರ್ನಾಟಕದಿಂದ ಅಮೆರಿಕದ ಮಕ್ಕಳ ಮನೆಗೆ ಹೊರಡುವ ಅಪ್ಪ-ಅಮ್ಮಂದಿರಲ್ಲಿ ಎಷ್ಟೋ ಮಂದಿಗೆ ಅದೇ ಮೊದಲ ವಿದೇಶ ಪ್ರಯಾಣ. ದುಬೈ, ದೋಹಾ, ಫ್ರಾಂಕ್‌ಫರ್ಟ್ ಹೀಗೆ ಎಲ್ಲೋ ಒಂದು ಕಡೆ ವಿಮಾನ ಬದಲಿಸಬೇಕು. ಗೇಟ್ ಬದಲಾದದ್ದು, ವಿಮಾನ ತಡವಾದದ್ದು, ಮಗಳ ಮನೆ ವಿಳಾಸ ಎಲ್ಲವೂ ಫೋನಿನಲ್ಲೇ ಇರುತ್ತದೆ. ಅಲ್ಲಿ ಇಳಿದು ಫೋನ್ ಆನ್ ಮಾಡಿದಾಗ ಇಂಟರ್ನೆಟ್ ಬರದಿದ್ದರೆ ಕೈಕಾಲು ಆಡುವುದಿಲ್ಲ. ಈ ಲೇಖನ ಮುಖ್ಯವಾಗಿ ಅವರಿಗಾಗಿ, ಅವರನ್ನು ಕಳಿಸಿಕೊಡುವ ಮಕ್ಕಳಿಗಾಗಿ.

ಹೆಚ್ಚಿನ ಸಲ ಫೋನ್ ಕೆಟ್ಟಿರುವುದಿಲ್ಲ. ಎಲ್ಲೋ ಒಂದು ಸೆಟ್ಟಿಂಗ್ ಅಥವಾ ಪ್ಯಾಕ್ ಹೊಂದಿಕೆಯಾಗಿರುವುದಿಲ್ಲ, ಅಷ್ಟೇ. ತಪ್ಪು ಎಲ್ಲಿದೆ ಎಂದು ಮೊದಲು ಗುರುತಿಸಿ, ಆಮೇಲೆ ಕೈ ಹಾಕಿ. ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತುತ್ತಾ ಹೋದರೆ ಸರಿಯಿದ್ದದ್ದೂ ಹಾಳಾಗುತ್ತದೆ.

ಹೊರಡುವ ಮುಂಚೆಯೇ ಮುಗಿಸಬೇಕಾದ್ದು

ರೋಮಿಂಗ್, ಅಂದರೆ ಹೊರದೇಶದ ನೆಟ್‌ವರ್ಕ್‌ನಲ್ಲಿ ನಿಮ್ಮ ಸಿಮ್ ನಡೆಯುವ ಸೌಲಭ್ಯ, ಎರಡು ಕಡೆ ಆನ್ ಆಗಬೇಕು. ಒಂದು, ಸಿಮ್ ಕಂಪನಿಯ ಕಡೆ. ನಿಮ್ಮ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಆಗಿದೆಯೇ ಎಂದು ಆ್ಯಪ್‌ನಲ್ಲಿ ಅಥವಾ ಕಸ್ಟಮರ್ ಕೇರ್‌ನಲ್ಲಿ ಖಚಿತ ಮಾಡಿಕೊಳ್ಳಿ. ಇನ್ನೊಂದು, ಫೋನಿನೊಳಗಿನ ಡೇಟಾ ರೋಮಿಂಗ್ ಬಟನ್. ಒಂದು ಆನ್ ಮಾಡಿ ಇನ್ನೊಂದನ್ನು ಮರೆಯುವವರು ತುಂಬಾ ಜನ.

ಪ್ಯಾಕ್ ಕೊಳ್ಳುವಾಗ ದೇಶಗಳ ಪಟ್ಟಿಯನ್ನು ಪೂರ್ತಿ ಓದಿ. ಅಮೆರಿಕಕ್ಕೆ ಮಾತ್ರ ಪ್ಯಾಕ್ ಹಾಕಿಸಿದ್ದರೆ ದುಬೈನಲ್ಲಿ ಕಾಯುವ ಆ ನಾಲ್ಕಾರು ಗಂಟೆ ಅದು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಡೇಟಾ ಆನ್ ಮಾಡಿದರೆ ಒಂದೋ ಇಂಟರ್ನೆಟ್ ಬರುವುದಿಲ್ಲ, ಇಲ್ಲವೇ ಪ್ಯಾಕ್ ಇಲ್ಲದ ದರದಲ್ಲಿ ದುಡ್ಡು ಹೋಗುತ್ತದೆ. ಯುರೋಪ್ ಪ್ರವಾಸಕ್ಕೂ ಇದೇ ಮಾತು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಹಾಗಾಗಿ ಎಲ್ಲ ಯುರೋಪ್ ಪ್ಯಾಕ್‌ಗಳಲ್ಲೂ ಅದು ಇರುತ್ತದೆ ಎಂದುಕೊಳ್ಳಬೇಡಿ. ವಿಮಾನ ಮತ್ತು ಕ್ರೂಸ್ ಹಡಗಿನೊಳಗೆ ಸಿಗುವ ನೆಟ್‌ವರ್ಕ್ ಬೇರೆಯೇ. ಅದು ಉಪಗ್ರಹದ ಮೂಲಕ ಬರುವಂಥದ್ದು, ದುಬಾರಿ. ಅಲ್ಲಿ ಏರೋಪ್ಲೇನ್ ಮೋಡ್‌ನಲ್ಲೇ ಇರಿ.

ಇನ್ನೊಂದು ಸಣ್ಣ ಕೆಲಸ. ಕಸ್ಟಮರ್ ಕೇರ್‌ನ ರೋಮಿಂಗ್ ನಂಬರನ್ನು +91 ಸಮೇತ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಇಲ್ಲಿ ಒತ್ತುವ 121, 198, 199 ತರಹದ ಮೂರಂಕಿ ನಂಬರುಗಳನ್ನು ಹೊರದೇಶದಲ್ಲಿ ನಂಬಿಕೊಳ್ಳುವಂತಿಲ್ಲ. ಇಂಟರ್ನೆಟ್ ಇಲ್ಲದಿರುವಾಗ ಆ್ಯಪ್ ತೆರೆದು ನಂಬರ್ ಹುಡುಕಲೂ ಆಗುವುದಿಲ್ಲ ಅಲ್ವಾ?

ಮೊದಲು ಸಿಗ್ನಲ್ ಕಡ್ಡಿ ನೋಡಿ

ವಿಮಾನ ಇಳಿದ ಮೇಲೆ ಏರೋಪ್ಲೇನ್ ಮೋಡ್ ತೆಗೆದು ಒಂದೆರಡು ನಿಮಿಷ ಸುಮ್ನೆ ಬಿಡಿ. ಹೊಸ ದೇಶದಲ್ಲಿ ಫೋನ್ ಯಾವ ಯಾವ ನೆಟ್‌ವರ್ಕ್ ಇದೆ ಎಂದು ಹುಡುಕಿ, ಅಲ್ಲಿಂದ ನಿಮ್ಮ ಸಿಮ್ ಕಂಪನಿಯ ಒಪ್ಪಿಗೆ ಪಡೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಆಮೇಲೆ ನೋಡಿ. ಕಡ್ಡಿಗಳೇ ಇಲ್ಲವೇ? ಕಡ್ಡಿ ಇದೆ, ಡೇಟಾ ಇಲ್ಲವೇ? ಅಥವಾ ಡೇಟಾ ಇದ್ದೂ ಕೆಲವು ಆ್ಯಪ್ ಮಾತ್ರ ತೆರೆಯುತ್ತಿಲ್ಲವೇ? ಮೂರಕ್ಕೂ ಮದ್ದು ಬೇರೆ ಬೇರೆ.

ಕಡ್ಡಿಗಳೇ ಇಲ್ಲದಿದ್ದರೆ

ಫೋನನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಆಗಲೂ ಬರದಿದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ. ಅಲ್ಲಿ ನೆಟ್‌ವರ್ಕನ್ನು ತಾನಾಗಿಯೇ ಆರಿಸಿಕೊಳ್ಳುವ ಆಯ್ಕೆ ಆನ್ ಇರುತ್ತದೆ. ಅದನ್ನು ಆಫ್ ಮಾಡಿದರೆ ಸುತ್ತಮುತ್ತಲಿನ ನೆಟ್‌ವರ್ಕ್‌ಗಳ ಪಟ್ಟಿ ಬರುತ್ತದೆ. ನಿಮ್ಮ ಕಂಪನಿಗೆ ಒಪ್ಪಂದ ಇರುವ ನೆಟ್‌ವರ್ಕ್ ಆರಿಸಿ. ಪ್ಯಾಕ್ ವಿವರದಲ್ಲಿ ಅದರ ಹೆಸರಿರುತ್ತದೆ, ಹೊರಡುವಾಗಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೆಲವು ಫೋನ್‌ಗಳು ಹೆಸರಿನ ಬದಲು ಅಂಕಿ ತೋರಿಸುತ್ತವೆ. 424 ಎಂದು ಶುರುವಾದರೆ ಯುಎಇ (42402 ಎತಿಸಲಾತ್, 42403 ಡು), 525 ಸಿಂಗಪುರ, 262 ಜರ್ಮನಿ. ನಮ್ಮ ದೇಶದ್ದು 404 ಮತ್ತು 405.

ಒಂದು ನೆಟ್‌ವರ್ಕ್ ಒಪ್ಪದಿದ್ದರೆ ಪಟ್ಟಿಯ ಮುಂದಿನದನ್ನು ಒತ್ತಿ. ಕೆಲಸ ಆದ ಮೇಲೆ ತಾನಾಗಿ ಆರಿಸುವ ಆಯ್ಕೆಯನ್ನು ಮತ್ತೆ ಆನ್ ಮಾಡಿ. ಇದನ್ನು ಮರೆತವರ ಫೋನ್ ಮುಂದಿನ ದೇಶದಲ್ಲೂ ಹಳೆಯ ನೆಟ್‌ವರ್ಕನ್ನೇ ಹುಡುಕುತ್ತಾ ಕೂರುತ್ತದೆ.

ಫೋನ್ ಹಳೆಯದಾಗಿದ್ದರೆ ಇನ್ನೊಂದು ಕಾರಣ ಇರಬಹುದು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿವೆ. ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ 2024ರಲ್ಲಿ ಹೋಯಿತು. ಹಾಗಾಗಿ ಕಾಲ್ ಮಾಡಲೂ 4ಜಿ ಬೇಕು, ಫೋನಿನಲ್ಲಿ ವೋಲ್ಟಿ (4ಜಿಯಲ್ಲೇ ಕಾಲ್ ಮಾಡುವ ಸೌಲಭ್ಯ, VoLTE) ಆನ್ ಇರಬೇಕು. ಅಮೆರಿಕದಲ್ಲಿ ಟಿ-ಮೊಬೈಲ್ ದೂರದ ಊರುಗಳಿಗೆ ಬಳಸುವ 12 ಮತ್ತು 71ನೇ ಬ್ಯಾಂಡ್‌ಗಳು (ಸಿಗ್ನಲ್ ಸಾಗುವ ತರಂಗದ ಪಟ್ಟಿಗಳು) ಭಾರತದಲ್ಲಿ ಮಾರುವ ಎಷ್ಟೋ ಫೋನ್‌ಗಳಲ್ಲಿ ಇರುವುದಿಲ್ಲ. ಪಟ್ಟಣದಲ್ಲಿ ಚೆನ್ನಾಗಿದ್ದ ಸಿಗ್ನಲ್ ಹೆದ್ದಾರಿಯಲ್ಲಿ ಮಾಯವಾಗಲು ಇದೂ ಒಂದು ಕಾರಣ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಪರಿಹಾರ ಇಲ್ಲ. ಹೊರಡುವ ಮುಂಚೆ ಮ್ಯಾಪನ್ನು ಆಫ್‌ಲೈನ್ ಇಳಿಸಿಟ್ಟುಕೊಳ್ಳಿ.

ಕಡ್ಡಿ ಇದೆ, ಇಂಟರ್ನೆಟ್ ಇಲ್ಲ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮೊದಲು ಡೇಟಾ ರೋಮಿಂಗ್ ಆನ್ ಇದೆಯೇ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ಮೊಬೈಲ್ ನೆಟ್‌ವರ್ಕ್ಸ್ ಒಳಗಿದೆ. ಬೇರೆ ಆಂಡ್ರಾಯ್ಡ್‌ಗಳಲ್ಲಿ ಸಿಮ್ ಹೆಸರನ್ನು ಒತ್ತಿದರೆ ಸಿಗುತ್ತದೆ. ಐಫೋನ್‌ನಲ್ಲಿ ಮೊಬೈಲ್ ಡೇಟಾ ಆಯ್ಕೆಗಳೊಳಗೆ ಇದೆ. ಎರಡು ಸಿಮ್ ಇದ್ದರೆ ಪ್ಯಾಕ್ ಹಾಕಿಸಿದ ಸಿಮ್ಮಿಗೇ ಡೇಟಾ ಕೊಟ್ಟಿದ್ದೀರಾ ಎಂದೂ ನೋಡಿ. ಪ್ಯಾಕ್ ಒಂದರಲ್ಲಿ, ಡೇಟಾ ಇನ್ನೊಂದರಲ್ಲಿ ಇರುವುದು ತೀರಾ ಸಾಮಾನ್ಯ.

ಅದೂ ಸರಿ ಇದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನೊಳಗಿನ ಎಪಿಎನ್ (APN) ನೋಡಬೇಕು. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಸಂಗತಿ. ನೀವು ಫ್ರಾಂಕ್‌ಫರ್ಟ್‌ನಲ್ಲಿ ಕೂತು ಒಂದು ಪುಟ ತೆರೆದಿರಿ ಎಂದುಕೊಳ್ಳಿ. ಆ ಕೋರಿಕೆ ಜರ್ಮನಿಯ ಟವರ್‌ನಿಂದ ನೇರ ಇಂಟರ್ನೆಟ್‌ಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಅದು ಮೊದಲು ಭಾರತದಲ್ಲಿರುವ ನಿಮ್ಮ ಸಿಮ್ ಕಂಪನಿಗೆ ಬಂದು, ಅಲ್ಲಿಂದ ಹೊರಗೆ ಹೋಗುತ್ತದೆ. ರೋಮಿಂಗ್‌ನಲ್ಲಿ ಪುಟಗಳು ತಡವಾಗಿ ತೆರೆಯುವುದು ಇದರಿಂದಲೇ. ಬ್ಯಾಂಕಿನ ಆ್ಯಪ್‌ಗೆ ನೀವು ಭಾರತದಲ್ಲೇ ಇದ್ದಂತೆ ಕಾಣುವುದೂ ಇದರಿಂದಲೇ. ನಿಮ್ಮ ಕಂಪನಿಯಿಂದ ಇಂಟರ್ನೆಟ್‌ಗೆ ಹೋಗುವ ಆ ಬಾಗಿಲಿನ ಹೆಸರೇ ಎಪಿಎನ್. ಹೀಗಾಗಿ ನೀವು ಯಾವ ದೇಶದಲ್ಲಿದ್ದರೂ ಫೋನಿನಲ್ಲಿ ನಿಮ್ಮ ಕಂಪನಿಯ ಎಪಿಎನ್ನೇ ಇರಬೇಕು. ಜಿಯೋಗೆ ‘ಜಿಯೋನೆಟ್’ (jionet), ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’ (airtelgprs.com). ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಬೇಕು. ಹಿಂದಿನ ಪ್ರವಾಸದಲ್ಲಿ ಬೇರೆ ಸಿಮ್ ಹಾಕಿದ್ದಾಗ ಯಾರೋ ಬದಲಿಸಿದ ಎಪಿಎನ್ ಹಾಗೇ ಉಳಿದಿದ್ದರೆ ಡೇಟಾ ಬರುವುದಿಲ್ಲ. ಎಪಿಎನ್ ಪುಟದ ಮೆನುವಿನಲ್ಲಿರುವ ಡಿಫಾಲ್ಟ್‌ಗೆ (ಮೊದಲಿದ್ದ ಸ್ಥಿತಿಗೆ) ಮರಳಿಸುವ ಆಯ್ಕೆ ಒತ್ತಿ.

ಇದಾದ ಮೇಲೆ ಇನ್ನೊಂದು ಪ್ರಯತ್ನ. 5ಜಿ ರೋಮಿಂಗ್ ಒಪ್ಪಂದ ಎಲ್ಲ ಕಡೆ ಇಲ್ಲ. ನೆಟ್‌ವರ್ಕ್ ಬಗೆಯನ್ನು 4ಜಿಗೆ ಇಳಿಸಿ ನೋಡಿ.

ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಎಲ್ಲಕ್ಕಿಂತ ಕೊನೆಗೆ. ಅದನ್ನು ಮಾಡಿದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ. ಇಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಅಳಿಸುವ ಆಯ್ಕೆ ಕಂಡರೆ ದಯವಿಟ್ಟು ಮುಟ್ಟಬೇಡಿ. ಅಳಿಸಿದ ಇಸಿಮ್ಮನ್ನು ಹೊರದೇಶದಿಂದ ಮತ್ತೆ ಹಾಕಿಸಿಕೊಳ್ಳುವುದು ದೊಡ್ಡ ತಾಪತ್ರಯ.

ಡೇಟಾ ಇದೆ, ಆ್ಯಪ್ ತೆರೆಯುತ್ತಿಲ್ಲ

ಫೋನಿನ ದಿನಾಂಕ, ಸಮಯ ಸರಿ ಇದೆಯೇ ನೋಡಿ. ಸಮಯ ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯುವುದಿಲ್ಲ. ವಿಪಿಎನ್ (ಇಂಟರ್ನೆಟ್ಟನ್ನು ಬೇರೆ ದಾರಿಯಿಂದ ಕಳಿಸುವ ಆ್ಯಪ್), ಪ್ರೈವೇಟ್ ಡಿಎನ್‌ಎಸ್ (ವೆಬ್‌ಸೈಟ್ ವಿಳಾಸ ಹುಡುಕುವ ಸೆಟ್ಟಿಂಗ್) ಇದ್ದರೆ ಆಫ್ ಮಾಡಿ. ಯುಎಇಯ ಲೋಕಲ್ ಸಿಮ್ ಅಥವಾ ವೈಫೈನಲ್ಲಿ ವಾಟ್ಸಾಪ್ ಮೆಸೇಜ್ ಹೋಗಿ ಕಾಲ್ ಮಾತ್ರ ಹೋಗದಿದ್ದರೆ ಅದು ಅಲ್ಲಿನ ನಿರ್ಬಂಧ, ನಿಮ್ಮ ಫೋನಿನ ದೋಷ ಅಲ್ಲ.

ಡೇಟಾ ಬಂದ ಕೂಡಲೇ ವಾಟ್ಸಾಪ್‌ನ ಸ್ಟೋರೇಜ್ ಮತ್ತು ಡೇಟಾ ವಿಭಾಗಕ್ಕೆ ಹೋಗಿ. ರೋಮಿಂಗ್‌ನಲ್ಲಿದ್ದಾಗ ತಾನಾಗಿ ಇಳಿಯುವ ಫೋಟೊ, ವಿಡಿಯೊಗಳ ಗುರುತು ತೆಗೆಯಿರಿ. ಫೋಟೊ ಬ್ಯಾಕಪ್ ವೈಫೈನಲ್ಲಿ ಮಾತ್ರ ಆಗಲಿ. ಕುಟುಂಬದ ಗ್ರೂಪಿನ ಶುಭೋದಯ ವಿಡಿಯೊಗಳಿಗೇ ದಿನದ ಪ್ಯಾಕ್ ಖಾಲಿಯಾಗುವುದು ಬೇಡ.

ತಿಂಗಳುಗಟ್ಟಲೆ ಉಳಿಯುವವರು

ಆರು ತಿಂಗಳು ಇರುವವರಿಗೆ ರೋಮಿಂಗ್ ಪ್ಯಾಕ್ ದುಬಾರಿ. ಡೇಟಾಗೆ ಅಲ್ಲಿನ ಸಿಮ್ ಅಥವಾ ಇಸಿಮ್ ಹಾಕಿಕೊಳ್ಳುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಆದರೆ ಭಾರತದ ಸಿಮ್ಮನ್ನು ತೆಗೆದಿಡಬೇಡಿ. ಪಿಂಚಣಿ ಖಾತೆಯ ಒಟಿಪಿ ಬರುವುದು ಅದಕ್ಕೇ. ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಪ್ಯಾಕ್ ಇಲ್ಲದಿದ್ದರೆ ಬಂದ ಕಾಲ್ ಎತ್ತಿದರೂ ದುಡ್ಡು ಹೋಗುತ್ತದೆ. ಆ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇರಲಿ. ಐಫೋನ್‌ನಲ್ಲಿ ಡೇಟಾ ತಾನಾಗಿ ಒಂದು ಸಿಮ್‌ನಿಂದ ಇನ್ನೊಂದಕ್ಕೆ ಜಿಗಿಯುವ ಆಯ್ಕೆಯೂ ಆಫ್ ಇರಲಿ. ವಾಟ್ಸಾಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ, ಬದಲಿಸಬೇಕಿಲ್ಲ.

ಯಾವುದೂ ಫಲಿಸದಿದ್ದರೆ ಚೀಟಿಯ ನಂಬರಿಗೆ ಕರೆ ಮಾಡಿ. ಫೋನ್ ಮಾಡುವಷ್ಟೂ ಸಿಗ್ನಲ್ ಇಲ್ಲದಿದ್ದರೆ ಊರಿನಲ್ಲಿರುವವರಿಗೆ ವೈಫೈನಿಂದ ತಿಳಿಸಿ ಅವರಿಂದ ಮಾಡಿಸಿ. ಬರೀ ‘ನೆಟ್ ಬರ್ತಿಲ್ಲ’ ಎನ್ನಬೇಡಿ. ಯಾವ ದೇಶ, ಯಾವ ನೆಟ್‌ವರ್ಕ್ ಹಿಡಿದಿದೆ, ಕಾಲ್ ಹೋಗುತ್ತಿದೆಯೇ, ಎಪಿಎನ್ ಏನಿದೆ ಎಂದು ಹೇಳಿ. ಪ್ಯಾಕ್ ಚಾಲೂ ಆಗಿದೆಯೇ ಎಂದು ಕೇಳಿ. ಆಗಿದ್ದರೆ ನಂಬರಿನ ರೋಮಿಂಗನ್ನು ಅವರ ಕಡೆಯಿಂದ ಒಮ್ಮೆ ತೆಗೆದು ಮತ್ತೆ ಹಾಕಲು ಹೇಳಿ. ಅವರು ಆಯಿತು ಎಂದ ಮೇಲೆ ಫೋನನ್ನು ಐದು ನಿಮಿಷ ಆಫ್ ಇಟ್ಟು ಆನ್ ಮಾಡಿ.