ರೊಟ್ಟಿ ಮುರಿದ ಸದ್ದಿಗೆ ಕಿವಿ ಎತ್ತಿದಳು

ಧಾರವಾಡದಲ್ಲಿ ಹದಿನಾಲ್ಕು ವರ್ಷದಿಂದ ಮದುವೆ, ಸೀಮಂತ, ಜವಳದ ಫೋಟೋ ತೆಗೆಯುತ್ತಿದ್ದೇನೆ. ಅಳುವ ಕೂಸುಗಳನ್ನು ನಗಿಸಿದ್ದೇನೆ. ಮುನಿಸಿಕೊಂಡ ಬೀಗರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇನೆ. ಮನೆಗೆ ಹೊಸದಾಗಿ ಬಂದ ನಾಯಿಯ ಒಂದು ಫೋಟೋ ಅಂದರೆ ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಐದು ವಾರ ಹಿಡಿಯಿತು.

ಅವಳನ್ನು ತಂದಿದ್ದು ಹುಬ್ಬಳ್ಳಿಯಿಂದ. ಬೀದಿನಾಯಿಗಳಿಗೆ ಅನ್ನ ಹಾಕಿ, ಔಷಧ ಕೊಡಿಸುವ ಒಂದಿಷ್ಟು ಹುಡುಗರು ಬೈಪಾಸ್ ಪಕ್ಕ ಸಿಕ್ಕಿದವಳನ್ನು ಸಾಕಿಕೊಂಡಿದ್ದರು. ವಯಸ್ಸು ಎರಡು ವರ್ಷ ಇರಬಹುದು. ಮೈ ಪೂರ್ತಿ ಕಪ್ಪು, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ, ಎದೆ ಮೇಲೆ ಸುಣ್ಣ ಚೆಲ್ಲಿದಂಥ ಬಿಳಿ ಮಚ್ಚೆ. ಮರಿ ಆಗದ ಹಾಗೆ ಆಪರೇಷನ್ ಆಗಿದೆ ಅನ್ನುವ ಗುರುತಿಗೆ ಕಿವಿಯ ತುದಿ ಚೂರು ಕತ್ತರಿಸಿದ್ದಾರೆ. ಆಟೋದಲ್ಲಿ ಧಾರವಾಡದ ತನಕ ನನ್ನ ಕಾಲ ಸಂದಿಯಲ್ಲೇ ಕೂತಿದ್ದಳು. ಅವ್ವ ಬಾಗಿಲಲ್ಲೇ ಹೆಸರಿಟ್ಟಳು: "ಎಷ್ಟ ಕರ್ರಗದಾಳೋ! ಬಾ ನಮ್ಮವ್ವ, ಕರೆವ್ವ."

ಅವತ್ತು ರಾತ್ರಿಯೇ ನಾನು ತಪ್ಪು ಮಾಡಿದೆ. ಫ್ಲ್ಯಾಶ್ ಹಾಕಿ ಎರಡು ಫೋಟೋ ಹೊಡೆದೆ. ಕಣ್ಣಿದ್ದ ಕಡೆ ಎರಡು ಹಸಿರು ಬಿಲ್ಲೆ ಬಂದವು. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಕನ್ನಡಿ ಹಾಗೆ ತಿರುಗಿಸಿ ಕಳಿಸುವ ಒಂದು ಪದರ ಇರುತ್ತದೆ, ಕತ್ತಲಲ್ಲಿ ಅದಕ್ಕೆ ಚೆನ್ನಾಗಿ ಕಾಣಲು ಅದೂ ಒಂದು ಕಾರಣ. ಫೋಟೋ ಹೋಗಲಿ ಬಿಡಿ. ಕರೆವ್ವ ಮಂಚದ ಕೆಳಗೆ ನುಸುಳಿದವಳು ಬೆಳಗಾಗುವ ತನಕ ಹೊರಗೆ ಬರಲಿಲ್ಲ. "ಮದುವಿ ಮನಿ ಅನ್ಕೊಂಡಿಯೇನು ಇದನ್ನ?" ಅಂತ ಅವ್ವನ ಕೈಲಿ ಬೈಸಿಕೊಂಡೆ.

ಮರುದಿನ ಫ್ಲ್ಯಾಶ್ ಇಲ್ಲದೆ ಕ್ಯಾಮೆರಾ ಎತ್ತಿದರೂ ಅದೇ ಕಥೆ. ಆಮೇಲೆ ಅರ್ಥವಾಯಿತು. ಮುಖ ಮುಚ್ಚಿಕೊಂಡು, ದೊಡ್ಡದೊಂದು ಗಾಜಿನ ಕಣ್ಣಿನಿಂದ ದಿಟ್ಟಿಸಿ ನೋಡಿದರೆ ನಾಯಿಗೆ ಅದು ಜಗಳಕ್ಕೆ ಕರೆದ ಹಾಗೆ. ಅವಳು ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಂಡಳು. ನಿದ್ದೆ ಇಲ್ಲದೆ ಆಕಳಿಸಿದಳು. ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಭಾಗದಿಂದ ನನ್ನನ್ನು ನೋಡಿದಳು. ಇಂಥ ಫೋಟೋ ನೋಡಿ "ಎಷ್ಟು ಮುದ್ದಾಗಿ ಆಕಳಿಸ್ತಿದೆ ಅಲ್ವಾ" ಅನ್ನುವವರಿದ್ದಾರೆ. ಅವತ್ತಿನ ಮಟ್ಟಿಗೆ ಸಾಕು ಬಿಡು ಅನ್ನುತ್ತಿರುತ್ತದೆ ನಾಯಿ, ಅಷ್ಟೇ.

ಹತ್ತು ದಿನ ಒಂದೂ ಫೋಟೋ ತೆಗೆಯಲಿಲ್ಲ. ಕ್ಯಾಮೆರಾ ಆಫ್ ಮಾಡಿ ಪಡಸಾಲೆಯ ನೆಲದ ಮೇಲೆ ಇಡುತ್ತಿದ್ದೆ. ಪಕ್ಕದಲ್ಲಿ ಖಡಕ್ ರೊಟ್ಟಿಯ ಚೂರು. ಮೊದಮೊದಲು ದೂರದಿಂದಲೇ ಕುತ್ತಿಗೆ ಚಾಚಿ ಕಚ್ಚಿಕೊಂಡು ಓಡುತ್ತಿದ್ದಳು. ಆರನೇ ದಿನ ಲೆನ್ಸ್ ಮೂಸಿ, ನೆಕ್ಕಿದಳು. ಆಮೇಲೆ ಕ್ಯಾಮೆರಾ ಅಂದರೆ ಚಪ್ಪಲಿ, ಚೊಂಬಿನ ಹಾಗೆ ಮನೆಯ ಇನ್ನೊಂದು ಸಾಮಾನು ಆಯಿತು. ಮಧ್ಯೆ ಒಬ್ಬರು ನೆಂಟರು ಪ್ರೀತಿಯಿಂದ ಉಳ್ಳಾಗಡ್ಡಿ ಬೆರೆಸಿದ ಮಂಡಕ್ಕಿ ಗಿರ್ಮಿಟ್ ಹಾಕಲು ಹೋದರು, ನಾನು ಓಡಿ ಹೋಗಿ ತಡೆದೆ. ಉಳ್ಳಾಗಡ್ಡಿ ನಾಯಿಗೆ ವಿಷ, ರಕ್ತವನ್ನೇ ಕೆಡಿಸುತ್ತದೆ. ಚಾಕಲೇಟ್, ದ್ರಾಕ್ಷಿ ಕೂಡ ಬೇಡ.

ರೊಟ್ಟಿಯಿಂದ ಇನ್ನೊಂದು ಉಪಯೋಗ ಆಯಿತು. ಅವ್ವ ಒಂದು ದಿನ ಊಟಕ್ಕೆ ಕೂತು ರೊಟ್ಟಿ ಮುರಿದಳು. ಆ 'ಕಟ್' ಸದ್ದಿಗೆ ಕರೆವ್ವನ ಎರಡೂ ಕಿವಿ ನಿಂತವು, ತಲೆ ಒಂದು ಕಡೆ ವಾಲಿತು, ಹುಬ್ಬಿನ ಚುಕ್ಕೆಗಳು ಮೇಲೆ ಏರಿದವು. ನಾನು ಹುಡುಕುತ್ತಿದ್ದ ಮುಖ ಅದೇ! ಅಲ್ಲಿಂದ ಅವ್ವ ನನ್ನ ಅಸಿಸ್ಟೆಂಟ್. ನನ್ನ ಬೆನ್ನ ಹಿಂದೆ, ಲೆನ್ಸಿಗಿಂತ ಸ್ವಲ್ಪ ಮೇಲೆ ಕೈ ಹಿಡಿದು ರೊಟ್ಟಿ ಮುರಿಯುವುದು ಅವಳ ಕೆಲಸ. ಆದರೆ ದಿನಕ್ಕೆ ಮೂರೇ ಸಲ. ನಾಲ್ಕನೇ ಸಲಕ್ಕೆ ಕಿವಿ ಏಳುವುದಿಲ್ಲ. ಮುರಿದದ್ದನ್ನು ಕೊಡದೆ ಮೋಸ ಮಾಡಿದರೆ ಎರಡನೇ ಸಲಕ್ಕೇ ಏಳುವುದಿಲ್ಲ.

ಇನ್ನು ಬೆಳಕು. ಕಪ್ಪು ನಾಯಿಯ ಫೋಟೋ ತೆಗೆದವರಿಗೇ ಗೊತ್ತು ಆ ಕಷ್ಟ. ಒಂದೋ ಇದ್ದಿಲ ಗುಡ್ಡೆಗೆ ಎರಡು ಕಣ್ಣು ಅಂಟಿಸಿದ ಹಾಗೆ ಬರುತ್ತದೆ, ಇಲ್ಲವೇ ಒಗೆದು ಒಗೆದು ಬಣ್ಣ ಹೋದ ಕೊಡೆಯ ಹಾಗೆ ಬೂದು ಬೂದು. ಕ್ಯಾಮೆರಾಕ್ಕೆ ಕಪ್ಪು, ಬಿಳಿ ಅನ್ನುವ ಭೇದ ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಸರಾಸರಿ ತೆಗೆದು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮಿನ ತುಂಬಾ ಕರೆವ್ವನೇ ಇದ್ದರೆ 'ಬಹಳ ಕತ್ತಲಿದೆ' ಅಂತ ತಿಳಿದು ಬೆಳಕು ಜಾಸ್ತಿ ಮಾಡುತ್ತದೆ. ಆಗ ಎಕ್ಸ್‌ಪೋಶರ್ ಅನ್ನು ಮೈನಸ್ 1ರ ಹತ್ತಿರಕ್ಕೆ ಇಳಿಸುತ್ತಿದ್ದೆ. ಅವಳ ಹಿಂದೆ ಸುಣ್ಣದ ಗೋಡೆಯೋ ಆಕಾಶವೋ ಇದ್ದರೆ ಇದೇ ಲೆಕ್ಕ ಉಲ್ಟಾ, ಪ್ಲಸ್ ಕಡೆ ಹೋಗಬೇಕು. ಕಪ್ಪು ಕೋಟಿನ ಮದುಮಗನ ಹತ್ತಿರ ಇಷ್ಟು ವರ್ಷ ಇದನ್ನೇ ಮಾಡಿದ್ದೆ. ನಾಯಿ ಎದುರು ಬಂದಾಗ ನೆನಪಾಗಲಿಲ್ಲ ನೋಡಿ.

ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಕೂದಲಿನ ಎಳೆ ಕಾಣುವುದಿಲ್ಲ. ಅದಕ್ಕೆ ಬೆಳಕು ಪಕ್ಕದಿಂದ ಬರಬೇಕು. ನಮ್ಮ ಮನೆಯ ತಲೆಬಾಗಿಲು ಪೂರ್ವಕ್ಕಿದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿ ಎರಡು ಫರಸಿ ಕಲ್ಲಿನಷ್ಟು ಒಳಗೆ ಬರುತ್ತದೆ. ಆ ಬಿಸಿಲಿನಲ್ಲಿ ಅಲ್ಲ, ಅದರ ಅಂಚಿನ ನೆರಳಿನಲ್ಲಿ ಅವಳನ್ನು ಕೂರಿಸಿದೆ. ಮೈ ಒಂದು ಪಕ್ಕ ರೇಷ್ಮೆಯ ಹಾಗೆ ಹೊಳೆಯಿತು. ಗದ್ದದ ಕೆಳಗೆ ಮಾತ್ರ ಕತ್ತಲೆ. ಬಿಳಿ ರಿಫ್ಲೆಕ್ಟರ್ ಬಿಚ್ಚಿದೆ, ಅದು ಪಟ್ ಅಂತ ತೆರೆದುಕೊಂಡ ಸದ್ದಿಗೆ ಹಿತ್ತಲಿಗೆ ಓಡಿದಳು. ಕೊನೆಗೆ ಅಪ್ಪನ ಒಗೆದ ಧೋತರ ಅವಳ ಮುಂದೆ ನೆಲದ ಮೇಲೆ ಹಾಸಿದೆ. ಧೋತರಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ ಗದ್ದ, ಎದೆಯ ಮಚ್ಚೆ, ಎರಡೂ ಕಣ್ಣು ಬೆಳಗಿದವು. ಕಣ್ಣೊಳಗೆ ಸಣ್ಣದಾಗಿ ನಮ್ಮ ಬಾಗಿಲಿನ ಚೌಕಟ್ಟು ಕಾಣುತ್ತಿತ್ತು. ಆ ಧೋತರ ಆಮೇಲೆ ಅವಳ ಹಾಸಿಗೆಯೇ ಆಯಿತು. ಅಪ್ಪ ಇನ್ನೂ ಕೇಳುತ್ತಿದ್ದಾನೆ.

ಶಾರ್ಪ್ ಬರಲು ಇನ್ನೊಂದು ತೊಡಕಿತ್ತು. ನನ್ನ 50 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟರೆ, ಅಂದರೆ ಲೆನ್ಸಿನ ಕಂಡಿ ಅಗಲ ತೆರೆದರೆ, ಹಿಂದಿನದೆಲ್ಲ ಮಬ್ಬಾಗಿ ಮದುಮಗಳು ಚೆಂದ ಕಾಣುತ್ತಾಳೆ. ಕರೆವ್ವನದು ಉದ್ದ ಮೂತಿ. ಕಣ್ಣಿಗೆ ಫೋಕಸ್ ಮಾಡಿದರೆ ಮೂಗು ಮಬ್ಬು, ಮೂಗಿಗೆ ಮಾಡಿದರೆ ಕಣ್ಣು ಮಾಯ. ಕಂಡಿ ಕಿರಿದು ಮಾಡಿ ಎಫ್ 4ಕ್ಕೆ ಬಂದ ಮೇಲೆ ಸಮಾಧಾನವಾಯಿತು. ಮತ್ತೆ, ನಿಂತು ತೆಗೆಯಬೇಡಿ. ನಾನು ಮಂಡಿಯೂರಿ ನೋಡಿದೆ, ಸಾಲಲಿಲ್ಲ. ಫರಸಿ ಮೇಲೆ ಹೊಟ್ಟೆ ಹಚ್ಚಿ ಮಲಗಿದೆ. ಅವಳೇ ಬಂದು ಮುಖ ಮೂಸಿ ಕೂತಳು.

ನೋಡಿದವರೆಲ್ಲ ಮೊದಲು ಕೇಳುವುದು "ಯಾವ ಜಾತೀದರಿ?" ಅಂತ. ಇದಕ್ಕೆ ಉತ್ತರ ಕ್ಯಾಮೆರಾ ಎಲ್ಲಿದೆ ಅನ್ನುವುದರ ಮೇಲೆ ಇದೆ ಅಂತ ನನಗೆ ಆಗ ಗೊತ್ತಾಯಿತು. ಪಕ್ಕದಿಂದ ತೆಗೆದರೆ ಉದ್ದ ಮುಖ, ಒಳಗೆ ಸೇದಿದ ಹೊಟ್ಟೆ, ಕಡ್ಡಿ ಕಾಲು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಿತ್ತಲ್ಲ, ಅದರ ಹತ್ತಿರದ ಸಂಬಂಧಿ ಅನ್ನಬಹುದು. ಎದುರಿನಿಂದ ತೆಗೆದರೆ ಅಗಲ ಹಣೆ, ಒಂದು ಮಡಚಿದ ಕಿವಿ, ಒಂದು ನಿಂತ ಕಿವಿ. ಅಪ್ಪಟ ಬಸ್ ಸ್ಟ್ಯಾಂಡ್ ನಾಯಿ. ಮೊದಮೊದಲು ನಾನೂ ಪಕ್ಕದಿಂದಲೇ ತೆಗೆದು, ಕತ್ತರಿಸಿದ ಕಿವಿ ಆಚೆ ಬರುವ ಹಾಗೆ ಕೂರಿಸಿ, ವಾಟ್ಸಾಪಿನಲ್ಲಿ ಹಾಕಿದ್ದೆ. ಮುಧೋಳವೇ ಇರಬೇಕು ಅಂತ ನಾಲ್ಕು ಜನ ಹೇಳಿದರು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಫೋಟೋ ನೋಡಿ ಅವ್ವ, "ಇದ್ಯಾರ ನಾಯೋ?" ಅಂದಳು.

ಓಡುವ ಫೋಟೋ ಕೆಲಗೇರಿ ಕೆರೆಯ ದಂಡೆಯಲ್ಲಿ ತೆಗೆದೆ, ಉದ್ದನೆಯ ಹಗ್ಗ ಕಟ್ಟಿಕೊಂಡೇ. ಶಟರ್ ಸೆಕೆಂಡಿನ 1/1000, ಫೋಕಸ್ ಬೆನ್ನಟ್ಟುವ ಮೋಡ್, ಒತ್ತಿದರೆ ಹತ್ತಾರು ಫೋಟೋ. ಅರ್ಧಕ್ಕಿಂತ ಜಾಸ್ತಿ ಬರೀ ಬಾಲ. ಕೆಂಪು ಚೆಂಡು ಎಸೆದರೆ ಹುಲ್ಲಿನಲ್ಲಿ ಕಣ್ಣೆದುರೇ ಇದ್ದರೂ ಮೂಸಿ ಮೂಸಿ ಹುಡುಕುತ್ತಿದ್ದಳು. ನಾಯಿಗೆ ಕೆಂಪು, ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ನೀಲಿ, ಹಳದಿ ತಿಳಿಯುತ್ತದೆ. ನೀಲಿ ಚೆಂಡು ತಂದ ಮೇಲೆ ನೇರ ಓಡಿದಳು.

ಪ್ರಿಂಟ್ ಹಾಕಿಸಿದ್ದು ಮಾತ್ರ ಬಾಗಿಲ ಹತ್ತಿರದ್ದೇ. ಎದುರಿನಿಂದ ತೆಗೆದದ್ದು, ಕತ್ತರಿಸಿದ ಕಿವಿ ಬೆಳಕಿನ ಕಡೆಗಿದೆ. ಬೆಳಕು ಹಾದು ಆ ಅಂಚು ತೆಳ್ಳಗೆ ಕೆಂಪಾಗಿದೆ.

ಈಗ ಬೇರೆಯೇ ಪಜೀತಿ. ಕ್ಯಾಮೆರಾ ಬ್ಯಾಗಿನ ಜಿಪ್ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಧೋತರದ ಮೇಲೆ ನೆಟ್ಟಗೆ ಕೂರುತ್ತಾಳೆ, ರೊಟ್ಟಿಗೆ. ಮಲಗಿದ್ದು, ಮಣ್ಣು ಕೆದರಿದ್ದು ಒಂದೂ ಸಿಗುವುದಿಲ್ಲ. ಅದಕ್ಕೇ ಈಗ ಬ್ಯಾಗಿನ ಜಿಪ್ ಹಾಕುವುದನ್ನೇ ಬಿಟ್ಟಿದ್ದೇನೆ.